ಕಡಿಮಿ ಆದದ್ದು ಗ್ಯಾಸ್ ಅಲ್ಲ

ಮಿರಜದ ದವಾಖಾನೆಯ ಗೇಟಿನ ಮುಂದೆ ನಮ್ಮ ಬೀಗತಿಯವರು ನನ್ನ ಗಾಡಿಯ ಕಿಡಕಿಯೊಳಗೆ ಕೈ ಹಾಕಿ ಎ.ಸಿ. ಗಾಳಿಯನ್ನು ಹಿಡಿದು ನೋಡಿದರು. ಸಂತೆಯಲ್ಲಿ ಮೆಣಸಿನಕಾಯಿ ಒಣಗಿದೆಯೋ ಇಲ್ಲವೋ ಎಂದು ಹಿಚುಕಿ ನೋಡುವಾಗ ಇರುತ್ತದಲ್ಲ, ಅಂಥ ಮುಖ.

"ಬೀಗರ, ಇದು ಥಂಡ ಗಾಳಿ ಅಲ್ರಿ. ಯಾರೋ ಮಾರಿ ಮ್ಯಾಲ ಉಸರ ಬಿಟ್ಟಂಗ ಐತಿ," ಅಂದರು.

ನನ್ನ ಮಗಳಿಗೆ ಚೊಚ್ಚಲ ಹೆರಿಗೆ. ಹೆಣ್ಣು ಕೂಸು. ದಿನ ತುಂಬುವ ಮೊದಲೇ ಹುಟ್ಟಿದ್ದರಿಂದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನನ್ನ ಅಂಗೈಗಿಂತ ಒಂದೀಟು ದೊಡ್ಡದು ಇರಬೇಕು ಅಷ್ಟೆ, ಆದರೂ ಆ ಕಾಚಿನ ಹೊರಗಿನಿಂದ ಅದು ಕಾಲು ಝಾಡಿಸುವುದನ್ನು ನೋಡಿ ನನಗೆ ನಿಂತಲ್ಲಿ ನಿಲ್ಲಲಿಕ್ಕೆ ಆಗುತ್ತಿರಲಿಲ್ಲ. ದವಾಖಾನೆಯ ಕಂಪೌಂಡಿನಲ್ಲಿ ಚಹಾ ಮಾರುವವನಿಗೂ ಹೇಳಿದೆ, ವಾಚಮನ್‌ಗೂ ಹೇಳಿದೆ. ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು: ಇನ್ನು ನಾಲ್ಕು ದಿನಕ್ಕೆ ಬಿಡತೀವಿ, ಆದರೆ ದಾರಿಯಲ್ಲಿ ಈ ಕೂಸಿಗೆ ಬಿಸಿಲು ಝಳ ತಾಗಬಾರದು, ಗಾಡಿ ತಂಪು ಇರಬೇಕು. ಹೊರಗೆ ಚೈತ್ರದ ಬಿಸಿಲು ಡಾಂಬರು ಕರಗಿಸುತ್ತಿತ್ತು.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಬೀಗತಿಯವರಿಗೆ ನಿಪ್ಪಾಣಿಯಲ್ಲಿ ಹೊಸ ಗಾಡಿ ಇದೆ, ಮನೆಯೊಳಗೂ ಎ.ಸಿ. ಇದೆ.

"ಗಾಡಿ ಥಂಡ ಮಾಡ್ಕೊಂಡ ಬರ್ರಿ, ಕೂಸಿನ ನಿಮ್ಮ ಕಡೆ ಒಯ್ರಿ. ನಾ ಬ್ಯಾಡ ಅನ್ನಂಗಿಲ್ಲ. ಆಗಲಿಲ್ಲಂದ್ರ ನಿಪ್ಪಾಣಿಗೆ ಬರತೈತಿ, ಬಾಣಂತನ ನಾನ ಮಾಡತೀನಿ," ಅಂದರು.

"ಬ್ಯಾರೆ ಗಾಡಿ ತರತೀನ್ರಿ," ಅಂದೆ.

"ಕಂಡವರ ಗಾಡ್ಯಾಗ ನಮ್ಮ ಕೂಸು ಯಾಕ್ರಿ? ನಮ್ಮದ ಐತೆಲ್ಲ."

ಆಮೇಲೆ ಒಳಗೆ ಹೋಗಿ ಕಾಟಿನ ಮೇಲೆ ಮಲಗಿದ್ದ ಮಗಳನ್ನು ನೋಡಿದೆ. "ಅಪ್ಪಾ, ನಾ ನಮ್ಮನಿಗೆ ಬರತೀನಿ," ಎಂದಷ್ಟೇ ಅಂದಳು. ಹಿಂಗೆ ಕೂಸು ಅಥಣಿ ಕಡೆ ಬರುವುದೋ ನಿಪ್ಪಾಣಿ ಕಡೆ ಹೋಗುವುದೋ ಎಂಬುದು ನನ್ನ ಗಾಡಿಯ ಎ.ಸಿ. ಮೇಲೆ ಬಂದು ನಿಂತಿತು.

ಬಾಡಿಗೆ ಗಾಡಿ ನನ್ನ ಅನ್ನ. ಓದಿದ್ದು ನಾಲ್ಕನೇ ಇಯತ್ತೆ, ಆದರೆ ಗಾಡಿ ಕೆಟ್ಟಾಗ ಅದರ ಸದ್ದು ಕೇಳಿ ತಿಳಿಯುತ್ತದೆ. ಎ.ಸಿ. ಮಾತ್ರ ಸದ್ದು ಮಾಡುವುದಿಲ್ಲ, ಅದಕ್ಕೇ ಅದು ನನಗೆ ಮೊದಲಿನಿಂದ ಸೇರದು.

ಮಿರಜದಿಂದ ಬರುವಾಗ ಕಾಗವಾಡದ ಒಬ್ಬ ಮಿಸ್ತ್ರಿ ಕಡೆ ನಿಲ್ಲಿಸಿದೆ. ಅವನು ಬಾನೆಟ್ ಎತ್ತಿ, ಕಂಪ್ರೆಸರ್ ಟಕ್ ಎಂದು ಹಿಡಿಯುವುದನ್ನು ನೋಡಿ, ಎರಡು ಪೈಪಿಗೆ ಎರಡು ಗೇಜ್ ಹಚ್ಚಿದ. ನೀಲಿ ಗೇಜಿನ ಮುಳ್ಳು ಕೆಳಗೆ ಬಿದ್ದಿತ್ತು.

"ಗ್ಯಾಸ್ ಕಡಿಮಿ ಆಗೇತಿ ಕಾಕಾ."

"ಎಲ್ಲಿ ಹೋತಪಾ? ಲೀಕ್ ಐತೇನು ನೋಡು."

ಸಾಬೂನಿನ ನೊರೆ ಹಚ್ಚಿ ಎಲ್ಲ ಜಾಯಿಂಟ್ ನೋಡಿದ. ಒಂದು ಗುಳ್ಳೆ ಏಳಲಿಲ್ಲ.

"ಲೀಕ್ ಇಲ್ರಿ."

"ಮತ್ತ ಗ್ಯಾಸ್ ಎಲ್ಲಿ ಹೋತು?"

"ಹಳೀ ಗಾಡಿ ಐತಿ. ಹೋಗತೈತ್ರಿ."

ಆ ಉತ್ತರ ಕೇಳಿಯೇ ನನಗೆ ಹೇಸಿಗೆ ಬಂತು. ಆದರೂ ತುಂಬಿಸಿಕೊಂಡೆ. ಗಾಡಿಯೊಳಗೆ ಕೂತು ಹೊರಟರೆ, ಅಪ್ಪಾ, ಏನು ತಂಪು. ಹಾಡು ಹೇಳುತ್ತ ಹೊರಟೆ. ಶಿರಗುಪ್ಪಿಗೆ ಒಡೆಯುವ ಫಾಟಾ ದಾಟುವುದರೊಳಗೆ ಗಾಳಿ ತೆಳ್ಳಗಾಯಿತು. ಬ್ಲೋವರ್ ನಾಲ್ಕರಲ್ಲಿ ಇಟ್ಟರೂ ಸದ್ದು ಅಷ್ಟೇ ಇದೆ, ಗಾಳಿ ಇಲ್ಲ. ಇನ್ನೊಂದೀಟು ದೂರಕ್ಕೆ ಅದೇ ಬೀಗತಿಯವರು ಹೇಳಿದ ಉಸಿರು. ಚಹಾಕ್ಕೆ ನಿಲ್ಲಿಸಿ, ಕುಡಿದು ಬಂದು ಮತ್ತೆ ಚಾಲು ಮಾಡಿದರೆ ಮೊದಲು ತಂಪು ಗಾಳಿ, ಅದರ ಹಿಂದಿನಿಂದ ಒಂದು ವಾಸನೆ.

ಆ ವಾಸನೆಯನ್ನು ಹೆಂಗ ಹೇಳಲಿ. ತೋಯ್ದ ಗೋಣಿಚೀಲ, ಅದರೊಳಗೆ ಹಳಸಿದ ಎಣ್ಣೆ, ಅದರೊಳಗೆ ಯಾವುದೋ ಸತ್ತದ್ದು. ಒಂದು ಸಲ ಮೂಗಿಗೆ ಬಂದರೆ ಊಟದ ತಾಟಿನವರೆಗೂ ಹಿಂದೆ ಬರುತ್ತಿತ್ತು. ಮಲ್ಲಿಗೆ ಸೆಂಟಿನ ಬಾಟಲಿ ತಂದು ಕನ್ನಡಿಗೆ ತೂಗುಹಾಕಿದೆ. ಹೆಣದ ಕೊರಳಿಗೆ ಹೂವಿನ ಹಾರ ಹಾಕಿದ ಹಾಗಾಯಿತು.

ಮರುದಿನ ಅಥಣಿಯಿಂದ ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೊರಟ ಒಂದು ಮನೆತನದ ಬಾಡಿಗೆ ಇತ್ತು. ಹಿಂದೆ ಕೂತ ಅಜ್ಜಿ ಸೆರಗು ಮೂಗಿಗೆ ಒತ್ತಿಕೊಂಡು, "ಏ ಡ್ರೈವರ್, ಗಾಡ್ಯಾಗ ಏನರೆ ಸತ್ತೈತೇನೋ ಯಪ್ಪಾ?" ಎಂದಳು. ನನ್ನ ಬಾಜೂಕ್ಕೆ ಕೂತಿದ್ದ ಅವಳ ಗಂಡ, ಬರಿಗಾಲ ಮುದುಕ, ಇಳಿಯುವಾಗ ತನ್ನ ಕಾಲು ನೋಡಿಕೊಂಡು ನಿಂತ. ಪಾದ ಎರಡೂ ತೊಯ್ದು ಹಳದಿ ಆಗಿದ್ದವು.

"ನನಗ ಈ ವಯಸ್ಸಿನಾಗ ಮತ್ತ ಮದವಿ ಮಾಡಾವ್ರದೀರೇನು? ಕಾಲಿಗೆ ಅರಿಷಿಣ ಹಚ್ಚೀರಲ್ಲ," ಎಂದ.

"ಅದೊಂದ ಕಡಿಮಿ ಇತ್ತು," ಎಂದಳು ಅಜ್ಜಿ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕಾಲ ಕೆಳಗಿನ ಮ್ಯಾಟ್ ಎತ್ತಿ ನೋಡಿದರೆ ಹಳದಿ ನೀರು ನಿಂತಿತ್ತು, ಅದರ ಮೇಲೆ ಎಣ್ಣೆಯ ಪದರ. ನಮ್ಮ ಗಾಡಿಯಲ್ಲಿ ಕೂತವರು ಹಿಂಗೆ ಮೂಗು ಮುಚ್ಚಿಕೊಂಡು ಇಳಿಯುವುದು ನೋಡಿದರೆ, ಇದರೊಳಗೆ ಮೊಮ್ಮಗಳನ್ನು ಹೆಂಗ ಮಲಗಿಸಲಿ? ತಂಪಾದರೂ ಈ ಹೊಲಸು ಗಾಳಿ ಆ ಹೂವಿನಂಥ ಮೂಗಿನೊಳಗೆ ಹೋಗಬೇಕೇನು?

ಅವರನ್ನು ಮನೆಗೆ ಮುಟ್ಟಿಸಿ ಅಥಣಿಯ ಎ.ಸಿ. ಮಿಸ್ತ್ರಿ ಕಡೆ ಹೋದೆ. ಇವನು ಮುಸಲ್ಮಾನ, ಮಾತು ಕಡಿಮೆ, ಕೈ ಸ್ವಚ್ಛ. ಗೇಜ್ ಹಚ್ಚಿ, ಮೊದಲಿನವನು ಗ್ಯಾಸ್ ಹೆಚ್ಚಿಗೆ ತುಂಬ್ಯಾನ ಎಂದು ಬೈದು, ಒಂದಿಷ್ಟು ತೆಗೆದ. ಆಮೇಲೆ ಬ್ಲೋವರ್ ಹಚ್ಚಿ ಕಾಯುತ್ತ ಕೂತ. ನೀಲಿ ಮುಳ್ಳು ಮೆಲ್ಲಗೆ ಮತ್ತೆ ಕೆಳಗಿಳಿಯಿತು.

"ಕಂಪ್ರೆಸರ್ ಹೋಗೈತ್ರಿ ಕಾಕಾ."

"ಈ ಹಳದಿ ನೀರು?"

"ಅದು ಕೂಲಂಟ್ ಇರಬೇಕು. ಇಂಜಿನ್ ನೀರಿನ ಪೈಪ್ ಒಳಗ ಹೀಟರಿಗೆ ಬರತೈತೆಲ್ಲ, ಅದು ಸೋರಾಕತ್ತೈತಿ. ಎರಡೂ ಮಾಡಬೇಕು. ಕಂಪ್ರೆಸರ್ ಕೊಲ್ಹಾಪುರದಿಂದ ತರಸ್ತೀನಿ."

ಅದು ಬರುವುದು ದವಾಖಾನೆಯಿಂದ ಬಿಟ್ಟ ಮೇಲೆ. ಅಂದರೆ ಕೂಸು ನಿಪ್ಪಾಣಿಗೆ. ನಾನು ಬಾನೆಟ್ ಒಳಗೆ ಬಗ್ಗಿ ಸುಮ್ಮನೆ ಪೈಪ್ ಮುಟ್ಟುತ್ತ ನಿಂತೆ. ಒಳಗಿನಿಂದ ಕಂಪ್ರೆಸರಿಗೆ ಮರಳಿ ಬರುವ ದಪ್ಪ ಪೈಪಿನ ಮೇಲೆ ಬೆಳ್ಳಗೆ ಬರ್ಫ ಕಟ್ಟಿತ್ತು. ಉಗುರಿನಿಂದ ಕೆರೆದೆ, ಖರೇನೇ ಬರ್ಫ.

"ಕಂಪ್ರೆಸರ್ ಸತ್ತಿದ್ರ ಈ ಬರ್ಫ ಯಾರ ಮಾಡಿದ್ರಪಾ?" ಅಂದೆ.

ಮಿಸ್ತ್ರಿ ನೋಡಿದ. ಕೊಲ್ಹಾಪುರಕ್ಕೆ ಫೋನ್ ಮಾಡಲಿಕ್ಕೆ ತೆಗೆದ ಮೊಬೈಲ್ ಕಿಸೆಯಲ್ಲಿ ಇಟ್ಟ. "ನಾಳೆ ಮುಂಜಾನಿ ಬರ್ರಿ, ನೋಡೂನು," ಎಂದ.

ಮನೆಗೆ ಬಂದು ಆ ಹೊಲಸು ಮ್ಯಾಟ್ ಹಿತ್ತಲಿಗೆ ಒಗೆದೆ. ಮುಟ್ಟಬ್ಯಾಡ ಅಂದರೂ ನಮ್ಮ ಮನೆಯವಳು ಕೇಳಲಿಲ್ಲ, ಮೊಮ್ಮಗಳು ಕೂಡುವ ಗಾಡಿ ಅಂತ ಬಟ್ಟೆ ಸಾಬೂನು ತಗೊಂಡು ತಿಕ್ಕಲಿಕ್ಕೆ ಕೂತಳು. ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ಕೂಗಿದಳು.

"ಏನ್ರಿ, ಇಲ್ಲಿ ಬರ್ರಿ ಒಂದೀಟು."

ಹೋಗಿ ನೋಡಿದರೆ ಮ್ಯಾಟಿನ ಮೇಲಿನ ನೊರೆ ಕೆಂಪಗಾಗಿತ್ತು. ಹಳದಿ ಇದ್ದದ್ದು ಸಾಬೂನು ತಾಕಿದ ಕೂಡಲೆ ರಕ್ತದ ಹಾಗೆ ಕೆಂಪು.

"ಯಾವ ಇಂಜಿನ್ ನೀರ್ರಿ ಇದು? ಭಂಡಾರ ಐತಿ. ಪ್ರತಿ ಸಲ ಮಂಗಸೂಳಿಯಿಂದ ಬಂದ ಮ್ಯಾಲ ನಿಮ್ಮ ಬಿಳಿ ಅಂಗಿ ನಾನ ತಿಕ್ಕತೀನಿ. ಸಾಬೂನ ಹಚ್ಚಿದ್ರ ಹಿಂಗ ಕೆಂಪ ಆಗೂದು ಅರಿಷಿಣ ಒಂದ."

ನಾನು ಹಿತ್ತಲ ಕಟ್ಟೆಯ ಮೇಲೆ ಕೂತುಬಿಟ್ಟೆ. ಮಲ್ಲಯ್ಯನ ಗುಡಿಗೆ ಬಂದವರು ದೇವರಿಗೆ ಅರಿಶಿಣದ ಪುಡಿ ತೂರುತ್ತಾರೆ, ಅದೇ ಭಂಡಾರ. ಅದರ ಜೋಡಿ ಒಣ ಕೊಬ್ಬರಿಯ ಚೂರು. ದೇವರಿಗೆ ತೂರಿ ಉಳಿದದ್ದನ್ನು ಗಾಡಿಗೆ ತೂರುತ್ತಾರೆ. ಎಲ್ಲಿ? ಬಾನೆಟ್ಟಿನ ಮೇಲೆ, ಮುಂದಿನ ಕಾಚಿನ ಬುಡಕ್ಕೆ. ಅಲ್ಲೇ ಕರಿ ಜಾಳಿಗೆ ಇರುತ್ತದೆ, ಗಾಡಿಯೊಳಗೆ ಹೋಗುವ ಗಾಳಿಯ ಬಾಯಿ ಅದು. ಗಾಡಿಯೊಳಗೆ ಕೂತ ಹೆಣ್ಣುಮಕ್ಕಳು ಕೂಸುಗಳಿಗೆ ಸೆಕೆ ಆಗಬಾರದು ಎಂದು ಆಗ ನಾನು ಇಂಜಿನ್ ಚಾಲು ಇಟ್ಟು ಬ್ಲೋವರ್ ನಾಲ್ಕರಲ್ಲಿ ಇಡುತ್ತೇನೆ. ತೂರಿದ್ದೆಲ್ಲ ಬ್ಲೋವರ್ ಎಳೆದುಕೊಂಡಿದೆ. ಎಷ್ಟು ಸಂಸಾರ, ಎಷ್ಟು ಹರಕೆ. ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗಲೂ ನಾನು ಮಂಗಸೂಳಿಯಲ್ಲೇ ಇದ್ದೆ. ಏಳಕೋಟಿ ಏಳಕೋಟಿ ಎಂದು ಮಲ್ಲಯ್ಯನನ್ನು ಕೂಗಿ ದೊಡ್ಡ ಪೊಟ್ಟಣವನ್ನೇ ಆ ಜಾಳಿಗೆಯ ಮೇಲೆ ಸುರಿದಿದ್ದೆ.

ಆಗ ನನಗೆ ಅಷ್ಟೂ ತಿಳಿಯಿತು. ತಂಪು ಹುಟ್ಟುತ್ತಿದೆ, ಭಂಡಾರ ಕಟ್ಟಿ ಹೊರಗೆ ಬರಲಿಕ್ಕೆ ದಾರಿ ಇಲ್ಲ. ಗಾಳಿಯನ್ನು ತಂಪು ಮಾಡುವ ಕಾಯಿಲ್, ಗಾಳಿ ಹಾಯದಿದ್ದರೆ ತಾನೇ ಬರ್ಫ ಆಗುತ್ತದೆ, ಇದ್ದಬದ್ದ ಸಂದಿಯೂ ಮುಚ್ಚುತ್ತದೆ. ಗಾಡಿ ನಿಂತಾಗ ಬರ್ಫ ಕರಗಿ ಮತ್ತೆ ಗಾಳಿ ಬರುತ್ತದೆ. ನೀರು ಹೋಗುವ ನಳಿಗೆಯೂ ಮುಚ್ಚಿರಬೇಕು, ಅದಕ್ಕೇ ಆ ನೀರು ಮುದುಕನ ಕಾಲಿಗೆ.

ಮರುದಿನ ಮಿಸ್ತ್ರಿಯ ಅಂಗಡಿ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ. ಕೆಂಪಾದ ಮ್ಯಾಟ್ ತೋರಿಸಿ ಹೇಳಿದೆ. ಅವನು ಗಡ್ಡ ಕೆರೆದುಕೊಂಡ.

"ಕಾಯಿಲ್ ನೋಡಬೇಕಂದ್ರ ಗ್ಯಾಸ್ ಎಲ್ಲ ತಗೀಬೇಕು, ಪೂರಾ ಡ್ಯಾಶ್‌ಬೋರ್ಡ್ ಇಳಿಸಬೇಕ್ರಿ. ಇವತ್ತು ಬಿಚ್ಚಿದ್ರ ನಾಳೆ ಕೂಡಸೂದು. ನಡುವ ಏನರೆ ಮುರೀತಂದ್ರ ಗಾಡಿ ನಿಂತಂಗ. ಕೂಸಿನ ಯಾವತ್ತ ಬಿಡತಾರ?"

"ನಾಡಿದ್ದ."

"ಒಳಗ ಏನೂ ಸಿಗಲಿಲ್ಲಂದ್ರ?"

ಗಾಡಿ ಬಿಚ್ಚದೆ ಇದ್ದರೆ ಕೂಸು ನಿಪ್ಪಾಣಿಗೆ ಹೋಗುವುದು ಖಾತ್ರಿ. ಬಿಚ್ಚಿದರೆ ಖಾತ್ರಿ ಇಲ್ಲ, ಅಷ್ಟೆ. "ಬಿಚ್ಚು," ಅಂದೆ.

ಮುಂದಿನ ಎರಡೂ ಸೀಟು ಹೊರಗೆ ಬಂದವು. ಸ್ಟೇರಿಂಗ್ ಬಂತು. ಬೋಲ್ಟ್ ಬಿಚ್ಚಿದಂತೆಲ್ಲ ಯಾವುದು ಎಲ್ಲಿಯದು ಎಂದು ರಟ್ಟಿನ ಮೇಲೆ ಅದೇ ಜಾಗದಲ್ಲಿ ಚುಚ್ಚುತ್ತ ಹೋದ. ವಾಯರಿನ ಒಂದೊಂದು ಗಂಟಿಗೂ ಬಣ್ಣದ ದಾರ ಕಟ್ಟಿದ. ಡ್ಯಾಶ್‌ಬೋರ್ಡ್ ಎತ್ತಿ ಇಳಿಸಿದ. ನನ್ನ ಗಾಡಿ ಹಲ್ಲು ಕಿತ್ತ ಬಾಯಿಯ ಹಾಗೆ ಕಂಡಿತು. ಕೊನೆಗೆ ಕರಿ ಪ್ಲಾಸ್ಟಿಕ್ಕಿನ ಡಬ್ಬಿ ಹೊರಗೆ ತಂದು ನೆಲದ ಫರಸಿಯ ಮೇಲೆ ಇಟ್ಟು ಕ್ಲಿಪ್ ತೆಗೆದ.

ಇಬ್ಬರೂ ಹಿಂದಕ್ಕೆ ಸರಿದೆವು.

ಕಾಯಿಲ್ ಕಾಣಲೇ ಇಲ್ಲ. ಅದರ ಮೇಲೆ ಗೋಡೆಗೆ ಬಳಿದ ಹಾಗೆ ಹಳದಿ ಕೆಸರು ಬೆರಳುದಪ್ಪ ಕೂತಿತ್ತು. ಕೆಸರಿನೊಳಗೆ ಸಕ್ಕರೆ ಕಾರಖಾನೆಯ ಚಿಮಣಿಯಿಂದ ಹಾರುವ ಕರಿ ಬೂದಿ, ಕೂದಲು, ಕಬ್ಬಿನ ರವದಿಯ ಒಣ ಎಳೆ. ಬ್ಲೋವರಿನ ಪಂಜರದ ಬಾಜೂಕ್ಕೆ ಇಲಿಯ ಗೂಡು. ಭಕ್ತರು ತೂರಿದ ಕೊಬ್ಬರಿ ಚೂರು ಅಲ್ಲಿ ಒಟ್ಟಿದ್ದವು, ಹಲ್ಲಿನ ಗುರುತಿನ ಸಮೇತ. ಅದನ್ನು ತಿನ್ನಲಿಕ್ಕೆ ಬಂದ ಇಲಿ ಅಲ್ಲೇ ಸತ್ತು, ಪಂಜರದ ಎಲೆಗಳಿಗೆ ಅಂಟಿ, ಅರ್ಧ ಒಣಗಿ ಅರ್ಧ ಕೊಳೆತಿತ್ತು. ಅದರ ಮೈಯೆಲ್ಲ ಹಳದಿ. ಹುಳ ಇದ್ದವು. ಹುಳಗಳೂ ಹಳದಿ.

ನಾನು ಹೊರಗೆ ಹೋಗಿ ಕಾರಿಕೊಂಡು ಬಂದೆ. ಬಂದು ಮತ್ತೆ ನೋಡಿದೆ. ಭಂಡಾರ ಕಂಡರೆ ನನ್ನ ಕೈ ತಾನಾಗಿಯೇ ಹಣೆಗೆ ಹೋಗುತ್ತದೆ, ಹುಟ್ಟಿದಾಗಿನಿಂದ ಬಂದ ರೂಢಿ. ಈಗಲೂ ಹೋಯಿತು, ನಡುವೆ ನಿಂತಿತು. ಕೈ ಮುಗಿಯಬೇಕೋ ಮೂಗು ಮುಚ್ಚಬೇಕೋ ತಿಳಿಯಲಿಲ್ಲ. ಇಷ್ಟು ದಿನ ಈ ಗಾಳಿಯನ್ನೇ ನಾನು ಉಸಿರಾಡಿದ್ದೆ, ಬಸುರಿ ಮಗಳನ್ನೂ ಇದರೊಳಗೇ ಮಿರಜಕ್ಕೆ ಒಯ್ದಿದ್ದೆ ಎಂದು ನೆನಪಾಗಿ ಮೈಮೇಲೆ ಹಲ್ಲಿ ಹರಿದಂತಾಯಿತು.

ಮಿಸ್ತ್ರಿ ಮೂಗಿಗೆ ರುಮಾಲು ಕಟ್ಟಿಕೊಂಡು ಚಿಮಟದಲ್ಲಿ ಇಲಿಯನ್ನು ಎತ್ತಿ ಹೊರಗೆ ಒಗೆದ. ಉಳಿದ ಕೆಸರನ್ನು ಕೆರೆದು ಬುಟ್ಟಿಗೆ ತುಂಬಿ, ಗಟಾರದ ಕಡೆ ನೋಡಿ, ನನ್ನ ಕಡೆ ನೋಡಿದ.

"ಕಾಕಾ, ಇದು ನಿಮ್ಮ ದೇವರದು. ಗಟಾರಕ್ಕ ನಾ ಹಾಕಂಗಿಲ್ಲ. ನೀವ ಹೇಳ್ರಿ."

"ಇಲಿ ಸತ್ತದ್ದು ದೇವರದ ಹೆಂಗಪಾ ಆಗತೈತಿ," ಅಂದೆ. ಅಂದೆ, ಆದರೆ ಗಟಾರಕ್ಕೆ ಹಾಕು ಅನ್ನಲಿಕ್ಕೆ ಬಾಯಿ ಬರಲಿಲ್ಲ. "ಇರಲಿ ಇಡು. ಕಬ್ಬಿನ ಬದುವಿನಾಗ ತೆಗ್ಗ ತಗದ ಮುಚ್ಚತೀನಿ."

ತೊಳೆಯುವ ಕೆಲಸ ನಾನೇ ಮಾಡಿದೆ. ಅವನು ಕೊಟ್ಟ ಮೆತ್ತನ್ನ ಬ್ರಶ್ಶಿನಿಂದ, ಸಾಬೂನು ನೀರಿನಿಂದ, ಕಾಯಿಲಿನ ತಗಡು ಒಂದೂ ಬಾಗದಂತೆ ಮೇಲಿನಿಂದ ಕೆಳಗೆ. ನೀರು ಕೆಂಪಾಗಿ ಹರಿಯಿತು. ಬೀದಿಯಲ್ಲಿ ಹೋಗುವವನೊಬ್ಬ, "ಏನ್ ಕಾಕಾ, ಕುರಿ ಕಡದೀರೇನು?" ಎಂದು ಕೇಳಿ ಹೋದ. ನೀರು ಹೋಗುವ ನಳಿಗೆಯೊಳಗೆ ಸೈಕಲ್ ಕಡ್ಡಿ ತೂರಿಸಿ ಚುಚ್ಚಿದೆ. ಬರಲಿಲ್ಲ. ಇನ್ನೊಂದು ತುದಿಗೆ ಬಾಯಿ ಹಚ್ಚಿ ಊದಬೇಕೆಂದಿದ್ದೆ, ದೇವರು ದೊಡ್ಡವ, ಮಿಸ್ತ್ರಿ ಹಿಡಿದು ನಿಲ್ಲಿಸಿ ಗಾಳಿಯ ಪೈಪ್ ಹಚ್ಚಿದ. ಒಳಗಿನ ಬಿರಡೆ ಹಾರಿ ನನ್ನ ಅಂಗಿಯ ಎದೆಗೆ ಹೊಡೆಯಿತು. ಆ ಅಂಗಿ ಆಮೇಲೆ ನಾನು ಹಾಕಲಿಲ್ಲ. ಸುಟ್ಟೆ.

ಮರುದಿನ ಕೂಡಿಸಲಿಕ್ಕೆ ಕೂತೆವು. ಎಲ್ಲ ಪೈಪ್ ಕೂಡಿಸಿ ವ್ಯಾಕ್ಯೂಮ್ ಮಶೀನ್ ಹಚ್ಚಿ ಒಳಗಿನ ಗಾಳಿ ಎಳೆದು ನಿಲ್ಲಿಸಿದ. ಮುಳ್ಳು ಅಲ್ಲಾಡಬಾರದು. ಅದು ಮೆಲ್ಲಗೆ ಏರಿತು. ಎಲ್ಲೋ ಗಾಳಿ ಒಳಗೆ ನುಗ್ಗುತ್ತಿತ್ತು. ನಾಳೆ ಬೆಳಿಗ್ಗೆ ಮಿರಜಕ್ಕೆ ಹೋಗಬೇಕು. ಬೀಗತಿಯವರ ಫೋನ್ ಬೇರೆ.

"ಗಾಡಿ ಹೆಂಗೈತ್ರಿ ಬೀಗರ?"

"ಥಂಡ ಐತ್ರಿ," ಅಂದೆ. ಗಾಡಿಯ ಡ್ಯಾಶ್‌ಬೋರ್ಡ್ ಫರಸಿಯ ಮೇಲಿತ್ತು.

ಮಿಸ್ತ್ರಿ ಒಂದೊಂದೇ ಜಾಯಿಂಟ್ ಮತ್ತೆ ಬಿಚ್ಚಿದ. ಕಾಯಿಲಿನ ಬಾಯಿಗೆ ಹಳೆ ರಬ್ಬರ್ ರಿಂಗನ್ನೇ ಕೂಡಿಸಿದ್ದ, ಅದು ಸೀಳಿತ್ತು. ಅದನ್ನು ಬೆರಳ ಮೇಲೆ ಹಿಡಿದು ತನಗೇ ತಾನು ಉರ್ದುವಿನಲ್ಲಿ ಏನೋ ಬೈದುಕೊಂಡ. ಹೊಸ ರಿಂಗಿಗೆ ಎಣ್ಣೆ ಹಚ್ಚಿ ಕೂಡಿಸಿ, ಮತ್ತೆ ವ್ಯಾಕ್ಯೂಮ್ ಎಳೆದ. ಇಬ್ಬರೂ ಮುಳ್ಳನ್ನು ನೋಡುತ್ತ ಕೂತೆವು. ಚಹಾ ಬಂತು, ಆರಿತು. ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ಗ್ಯಾಸನ್ನು ತೂಕ ಮಾಡಿ ಬಿಟ್ಟ, ಕಂಪನಿ ಹೇಳಿದಷ್ಟೇ, ಒಂದು ಗ್ರಾಂ ಹೆಚ್ಚಿಗೆ ಇಲ್ಲ.

ಗಾಡಿ ಹೊರಗೆ ತೆಗೆದು ಊರ ಹೊರಗಿನವರೆಗೆ ಹೋಗಿ ಬಂದೆ. ಗಾಳಿ ಎದೆಗೆ ನೂಕುತ್ತಿತ್ತು. ವಾಸನೆ ಇಲ್ಲ. ಮೂಗನ್ನು ಗಾಳಿ ಬರುವ ಕಿಂಡಿಗೆ ಹಚ್ಚಿ ಎಳೆದೆ, ಏನೂ ಇಲ್ಲ. ಕೆಳಗೆ ನಳಿಗೆಯಿಂದ ರಸ್ತೆಯ ಮೇಲೆ ತಿಳಿನೀರು ಹನಿಯುತ್ತಿತ್ತು. ಕೆಳಗೆ ಇಳಿದಾಗ ನನ್ನ ಕಣ್ಣಿನ ಚಾಳೀಸು ಹೊರಗಿನ ಝಳಕ್ಕೆ ಮಬ್ಬಾಗಿ ಮಿಸ್ತ್ರಿ ಎಲ್ಲಿ ನಿಂತಿದ್ದಾನೆ ಎಂಬುದೇ ಕಾಣಲಿಲ್ಲ.

ಕಾಚಿನ ಬುಡದ ಜಾಳಿಗೆಯ ಒಳಗೆ ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆ ಹಚ್ಚಿಸಿದೆ. ಇಲಿಗೆ, ಕೊಬ್ಬರಿಗೆ ಅದು ಸಾಕು. ಪುಡಿಗೆ ಜಾಳಿಗೆ ಏನು ಮಾಡೀತು, ತೂರುವವರಿಗೆ ಬಾಯಿಂದಲೇ ಹೇಳಬೇಕು ಎಂದು ಮಿಸ್ತ್ರಿ ಅಂದ.

ಮಿರಜದಲ್ಲಿ ಬೀಗತಿಯವರು ಈ ಸಲ ಕೈ ಹಾಕಿ ನೋಡಲಿಲ್ಲ. ಮುಂದಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಕಾಚು ಏರಿಸಿದರು. ನಾನು ಹೊರಗೆ ಬಿಸಿಲಲ್ಲಿ ನಿಂತೆ. ಬಹಳ ಹೊತ್ತು ಕೂತರು. ಅಳಿಯ ಒಮ್ಮೆ ಕಾಚು ಬಡಿದ, ಅವರು ಕೈ ಅಲ್ಲಾಡಿಸಿ ಸುಮ್ಮನಿರು ಅಂದರು. ಕೊನೆಗೆ ಕಾಚು ಇಳಿಸಿದರು.

"ಬೀಗರ, ಬಾಣಂತಿ ಚೀಲದಾಗ ಚಾದರ ಐತೇನ ನೋಡ್ರಿ. ನನಗ."

ಹಿಂದಿನ ಸೀಟಿನಲ್ಲಿ ಮಗಳು ಕೂತಳು, ತೊಡೆಯ ಮೇಲೆ ಅರಿವೆಯಲ್ಲಿ ಸುತ್ತಿದ ಕೂಸು. ಬೀಗತಿಯವರು ಇಳಿದು ಅದರ ಗಲ್ಲ ಮುಟ್ಟಿ, ತಮ್ಮ ಚೀಲದಿಂದ ಭಂಡಾರದ ಒಂದು ಪೊಟ್ಟಣ ತೆಗೆದರು. ಒಳ್ಳೆ ಮನಸ್ಸಿನಿಂದಲೇ. ಇಂಜಿನ್ ಚಾಲು ಇತ್ತು. ಅವರು ಬಾನೆಟ್ಟಿನ ಕಡೆ ಕೈ ಎತ್ತಿದ್ದು ನೋಡಿ ನಾನು ಅಡ್ಡ ಓಡಿದೆ. ಟೊಪ್ಪಿಗೆ ತೆಗೆದು ಅವರ ಮುಂದೆ ತಲೆ ಬಗ್ಗಿಸಿ ನಿಂತೆ.

"ಗಾಡಿಗೆ ಬ್ಯಾಡ್ರಿ. ಎಷ್ಟೈತಿ ಅಷ್ಟೂ ನನ್ನ ಮ್ಯಾಲ ಹಾಕ್ರಿ."

"ನಿಮಗೇನಾಗೇತಿ?" ಎಂದರು.

"ಹಾಕ್ರಿ. ಯಾಕಂತ ದಾರ್ಯಾಗ ಮಗಳಿಗೆ ಹೇಳತೀನಿ, ಆಕೀನ ಫೋನ್ಯಾಗ ಕೇಳ್ರಿ."

ಅವರು ನಕ್ಕು ಪೂರ್ತಿ ಪೊಟ್ಟಣ ಸುರಿದರು. ಝಾಡಿಸಿಕೊಂಡು ಗಾಡಿ ಹತ್ತಿದೆ. ಕಾಗವಾಡ ಬಂತು, ಮಂಗಸೂಳಿ ಫಾಟಾ ಬಂತು, ಕೂಸು ಒಮ್ಮೆಯೂ ಎಚ್ಚರಾಗಲಿಲ್ಲ. ಮಗಳು ಮಾತ್ರ ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನ ಹಳದಿ ಮುಖ ನೋಡಿ ನೋಡಿ ನಕ್ಕಳು.

ಮನೆಯ ಬಾಗಿಲಿಗೆ ಕೂಸನ್ನು ನಮ್ಮ ಮನೆಯವಳು ತಗೊಂಡಳು, ಅಕ್ಕಪಕ್ಕದವರು ತಗೊಂಡರು. ನಾನು ಕೈ ಚಾಚಿದರೆ, "ಮೊದಲ ಜಳಕ ಮಾಡಿ ಬರ್ರಿ," ಎಂದು ಹಿತ್ತಲಿಗೆ ಅಟ್ಟಿದರು. ಜಳಕ ಮಾಡಿ, ಒಗೆದ ಬಿಳಿ ಧೋತರ ಉಟ್ಟು, ಗೋಡೆಗೆ ಒರಗಿ ಕೂತ ಮೇಲೆ ಕೊಟ್ಟರು. ಎಷ್ಟು ಹಗುರ ಅಂದರೆ, ಅರಿವೆ ಅಷ್ಟೇ ಕೊಟ್ಟಾರೇನೋ ಅನಿಸಿತು. ಕಣ್ಣು ತೆರೆದು ನನ್ನನ್ನು ನೋಡಿತು, ಅಥವಾ ನನ್ನ ಹಿಂದಿನ ಗೋಡೆಯನ್ನು. ನೋಡುತ್ತ ನೋಡುತ್ತಲೇ ಧೋತರದ ತುಂಬ ಬಿಟ್ಟಿತು. ಬೆಚ್ಚಗೆ, ಹಳದಿ, ತೊಡೆಯಿಂದ ಮೊಳಕಾಲಿನವರೆಗೆ ಹರಿಯಿತು.

"ಅಯ್ಯ, ಅಪ್ಪಾ, ತಡಿ ತಡಿ," ಎಂದು ಮಗಳು ಅರಿವೆ ತಗೊಂಡು ಎದ್ದಳು. ನಮ್ಮ ಮನೆಯವಳು ಕೂಸನ್ನು ಎತ್ತಿಕೊಳ್ಳಲಿಕ್ಕೆ ಬಗ್ಗಿ, "ಹೋಗ್ರಿ, ಮತ್ತ ಜಳಕ ಮಾಡ್ರಿ," ಎಂದಳು.

"ಇರಲಿ ಬಿಡು," ಅಂದೆ. "ಇನ್ನೊಂದೀಟು ಹಿಡ್ಕೊಂಡ ಕುಂದರತೀನಿ."